ಹದಿನೆಂಟು ಅಡಿಯ ಸುಳ್ಳು

ಆರ್ವಿಲ್ಲಾ ಸ್ಟೋಕ್ಸ್ ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಸೀಟಿಗೆ ಚೂಯಿಂಗ್ ಗಮ್ ಅಂಟಿಸಿದ್ದು ಯಾರೆಂದು ಕನ್ನಡಿಯಲ್ಲಿ ಮುಖ ನೋಡಿಯೇ ಹೇಳುತ್ತಿದ್ದಳು. ನಿವೃತ್ತಿಯಾದ ಮೇಲೆ ಆ ಕಣ್ಣು ಸುಮ್ಮನಿರಬೇಕಲ್ಲ! ಜಲಾಶಯದತ್ತ ತಿರುಗಿತು.

ವಯೋಮಿಂಗಿನ ಆ ಬೆಟ್ಟದೂರಿನವರು ಜನವರಿಯಲ್ಲಿ ಹೆಪ್ಪುಗಟ್ಟಿದ ನೀರಿಗೆ ಬೈರಿಗೆಯಿಂದ ತೂತು ಕೊರೆದು, ಬಕೆಟ್ ಬೋರಲು ಹಾಕಿ ಕೂತು, ಟ್ರೌಟ್ ಮೀನಿಗೆ ಗಾಳ ಬಿಡುತ್ತಾರೆ. ಮೀನಿನ ವಿಷಯದಲ್ಲಿ ಎಲ್ಲರೂ ಬಾಯಿಗೆ ಬಂದಂತೆ ಸುಳ್ಳು ಹೇಳುತ್ತಾರೆ. ಮಂಜುಗಡ್ಡೆಯ ದಪ್ಪದ ವಿಷಯದಲ್ಲಿ ಮಾತ್ರ ಯಾರೂ ಸುಳ್ಳು ಹೇಳುವುದಿಲ್ಲ.

ಮರದ ಮಿಲ್ಲಿನಲ್ಲಿ ಗರಗಸ ಸಾಣೆ ಹಿಡಿಯುವ ಲೀಲಂಡ್ ಬ್ಯಾಸ್ಕಮ್ ಹನ್ನೊಂದು ವರ್ಷದ ಹಿಂದೆ ಅವಳ ಹೆಜ್ಜೆಗುರುತು ಹಿಡಿದು ಬಂದು, ಅವಳ ಗುಟ್ಟಿನ ಜಾಗದ ಪಕ್ಕದಲ್ಲೇ ತೂತು ಕೊರೆದಿದ್ದ. ಎಷ್ಟು ಆಳಕ್ಕೆ ಬಿಡಬೇಕೆಂದು ಕೇಳಿದಾಗ ಅವಳು ಹದಿನೆಂಟು ಅಡಿ ಎಂದಳು. ಮೀನಿದ್ದದ್ದು ಮೂವತ್ತೆರಡರಲ್ಲಿ. ಅವತ್ತಿನಿಂದ ಆ ಪುಣ್ಯಾತ್ಮ ಹದಿನೆಂಟಕ್ಕೇ ದಾರ ಬಿಟ್ಟು, ಅಪರೂಪಕ್ಕೊಂದು ಮೀನು ಹಿಡಿದು, ಅವಳಿಗೂ ಕಾಫಿ ಬಗ್ಗಿಸಿ ಕೊಡುತ್ತಿದ್ದ.

ಈ ಸಲ ಅವಳ ಜಾಗದಲ್ಲಿ ಮೀನೇ ಇಲ್ಲ. ಮೂರು ದಿನ ಬರಿಗೈ. ಅಂಥದ್ದರಲ್ಲಿ ಲೀಲಂಡ್ ಗೋಣಿ ಮುಚ್ಚಿದ ಬಕೆಟ್ ಹಿಡಿದು ತೊರೆ ಸೇರುವ ಮೂಲೆಯಿಂದ ಬರುತ್ತಿದ್ದ. ಅಲ್ಲಿ ಗಡ್ಡೆಯ ಮೇಲೆ ಸಾಲಾಗಿ ನೆಟ್ಟ ಸ್ಪ್ರೂಸ್ ಮರದ ಟೊಂಗೆಗಳು ನಿಂತಿದ್ದವು.

"ಆರ್ವಿಲ್ಲಾ, ಆ ಟೊಂಗೆ ದಾಟಿ ಹೋಗ್ಬೇಡ. ತೂಬು ತೆಗ್ದಿದಾರೆ, ನೀರು ಇಳ್ದಿದೆ. ಗಡ್ಡೆ ಸುಮ್ನೆ ಮೇಲೆ ನಿಂತಿದೆ ಅಷ್ಟೆ."

"ಬಕೆಟಲ್ಲೇನು?"

"ಹಗ್ಗ."

"ಹಗ್ಗಕ್ಕೆ ಗೋಣಿ ಯಾಕೋ? ಚಳಿ ಆಗತ್ತಾ?"

"ನೆನೆದ್ರೆ ಕೋಲಿನ ಹಾಗೆ ಸೆಟೆದುಕೊಳ್ಳತ್ತೆ ಮಾರಾಯ್ತಿ!"

ಅವನು ಟೊಂಗೆ ನೆಟ್ಟದ್ದು ಮೀನು ಸಿಗುವ ತೂತುಗಳ ಗುರುತಿಗೇ ಎಂದುಕೊಂಡಳು ಆರ್ವಿಲ್ಲಾ. ಅವನು ಮರೆಯಾದದ್ದೇ ತಡ, ಹಾರೆ ಎತ್ತಿಕೊಂಡು ಹೊರಟಳು. ಟೊಂಗೆಗಳನ್ನು ದಾಟಿದಳು. ಒಂದು ತೂತೂ ಕಾಣಲಿಲ್ಲ. ಹಿಮ ಎಳೆದು ಮುಚ್ಚಿದ್ದಾನೆ, ಕಳ್ಳ! ಹಾರೆಯಿಂದ ಕುಟ್ಟಿದಳು. ಮೂರನೇ ಏಟಿಗೆ ಹಾರೆ ಕೈಜಾರಿ ಒಳಗೆ ಹೋಯಿತು. ಆಮೇಲೆ ಎಷ್ಟೋ ಹೊತ್ತಿಗೆ ಕೆಳಗೆಲ್ಲೋ ನೀರಿನ ಸಪ್ಪಳವಾಯಿತು. ಕಾಲ ಕೆಳಗೆ ಟೊಳ್ಳು.

"ಮಲ್ಕೋ! ನಿಂತ್ಕೋಬೇಡ, ಮಲ್ಕೋ!"

ಹಾರೆಯ ಸದ್ದು ಕೇಳಿ ಹಿಂದೆ ಓಡಿಬಂದಿದ್ದ ಲೀಲಂಡ್ ಟೊಂಗೆಗಳ ಆಚೆ ಬೋರಲು ಮಲಗಿ ಹಗ್ಗ ಎಸೆದ. ಗೋಣಿಯಡಿ ಇದ್ದ ಹಗ್ಗ ಒಣಗಿಯೇ ಇತ್ತು. ಅದನ್ನು ಹಿಡಿದು ತೆವಳುತ್ತಾ ಬಂದಳು. ಹಿಂದೆ ಗಡ್ಡೆ ಲಟಲಟ ಮುರಿದು ಕೆಳಗೆ ಕೂತಿತು.

ಇಬ್ಬರೂ ತಮ್ಮ ಜಾಗಕ್ಕೆ ಬಂದು ಕೂತರು. ನಾಚಿಕೆಯಿಂದ ಅವಳ ಕಿವಿ ಸುಡುತ್ತಿತ್ತು.

"ಲೀಲಂಡ್, ಹದಿನೆಂಟಲ್ಲ. ಮೂವತ್ತೆರಡು ಅಡಿ. ಈಗ ಖಾಲಿ ಇರ್ಬಹುದು, ಆದ್ರೆ ಮೀನು ಬಂದ್ರೆ ಅಲ್ಲೇ ಬರೋದು."

ಅವನು ಅವಳ ಮುಖವನ್ನೇ ನೋಡಿದ. "ಮೀನಿನ ವಿಷಯ ಬಿಡು. ಗಡ್ಡೆ ವಿಷಯದಲ್ಲೂ ನಾನು ಸುಳ್ಳು ಹೇಳ್ತೀನಿ ಅಂದ್ಕೊಂಡ್ಯಲ್ಲ."

"ಇದು ನಿಜ ಕಣೋ, ಆಣೆಗೂ!"

"ಇರ್ಲಿ ಬಿಡು."

ಕಾಫಿ ಬಗ್ಗಿಸಿದ. ಒಂದೇ ಲೋಟ. ಅದನ್ನು ತಾನೇ ಕುಡಿದು, ಗಾಳಕ್ಕೆ ಮೆಕ್ಕೆಜೋಳದ ಕಾಳು ಸಿಕ್ಕಿಸಿ, ಮೊಳ ಹಾಕಿ ಎಣಿಸುತ್ತಾ ಹದಿನೆಂಟು ಅಡಿಗೆ ದಾರ ಬಿಟ್ಟ.