ಅಂಗಿಯ ಮೇಲಿನ ಎರಡು ತೂತು

ಅಂದು ಮಟಮಟ ಮಧ್ಯಾಹ್ನ, ನನ್ನವರ ಮೀನಿನ ಲಾರಿಯಲ್ಲಿ ಭಟ್ಕಳದಿಂದ ಕುಮಟಾದ ತವರಿಗೆ ಹೊರಟಿದ್ದೆ. ಹೊನ್ನಾವರ ದಾಟಿದ ಮೇಲೆ ಖಾಕಿ ತೊಟ್ಟವನೊಬ್ಬ ಕೈ ಅಡ್ಡ ಹಿಡಿದ. ಹತ್ತಿರ ಜೀಪಿರಲಿಲ್ಲ. ಅಂಗಿಯಲ್ಲಿ ಹೆಸರಿನ ಪಟ್ಟಿ ಇರಬೇಕಾದ ಕಡೆ ಪಿನ್ನಿನ ಎರಡು ತೂತುಗಳಷ್ಟೇ ಇದ್ದವು.

“ಇಳಿ, ಕಾಗದ ತೋರ್ಸು.”

ಇಂಥದೇ ಸುಳ್ಳು ತಪಾಸಣೆಯಲ್ಲಿ ಇವರ ಗೆಳೆಯರೊಬ್ಬರು ಲಾರಿಯನ್ನೇ ಕಳೆದುಕೊಂಡಿದ್ದರು. ಇವರು ಎಂಜಿನ್ ಆರಿಸಲಿಲ್ಲ, ಗಾಜು ಇಳಿಸಲಿಲ್ಲ. “ಒಂದ್ ಫೋನ್ ಮಾಡ್ತೆ ಸಾರ್, ಆತಾ?” ಎಂದು ಅವನಿಗೆ ಹೇಳಿ, ಪೊಲೀಸ್ ಸಹಾಯವಾಣಿಗೆ ಫೋನ್ ಮಾಡಿ ವಿಚಾರಿಸಿದರು. ಅಲ್ಲಿ ಇವತ್ತು ತಪಾಸಣೆಯೇ ಇಲ್ಲವೆಂದಿತು ಆಚೆಯ ದನಿ.

ಅವನು ಓಡಲಿಲ್ಲ. ನನ್ನ ಕಡೆಯ ಗಾಜಿಗೆ ಮುಖ ತಂದು, ಮೆಲ್ಲಗೆ ನಕ್ಕು ಕೇಳಿದ: “ಎಂತ ಹೇಳಿದ್ರು ಅಕ್ಕಾ?”

ಲಾರಿ ಹೊರಟಿತು. ಕನ್ನಡಿಯಲ್ಲಿ ನೋಡಿದೆ. ಹಿಂದೆ ಬಂದ ಲಾರಿ ಅವನೆದುರು ನಿಂತಿತ್ತು. ಇವರು ಉದ್ದಕ್ಕೆ ಹಾರ್ನ್ ಒತ್ತಿದರೂ ಅದರ ಚಾಲಕ ಕಾಗದ ಹಿಡಿದು ಇಳಿಯುತ್ತಿದ್ದ.