ಕೊಡ ಎತ್ತಿದ ಮೇಲೆ

ರಾಜೇಸಾಬರು ತುಂಬಿದ ಕೊಡ ಎತ್ತಿದ್ದನ್ನು ಕಣ್ಣಾರೆ ನೋಡಿದ್ದೇನೆ ಎಂದು ಗದಗಿನ ಕಾರ್ಮಿಕ ಕಚೇರಿಯಲ್ಲಿ ಅಧಿಕಾರಿಗಳ ಮುಂದೆ ಸಾಕ್ಷಿ ಹೇಳಿದವಳು ನಾನು. ಅದು ನಿಜ. ಎತ್ತಿದ ಮೇಲೆ ಏನಾಯಿತು ಎಂದು ಕೇಳಿದಾಗ, ಗೊತ್ತಿಲ್ಲ, ಆಗಲೇ ನಾನು ಹೊರಟು ಬಂದಿದ್ದೆ ಎಂದೆ. ಅದು ಸುಳ್ಳು. ನಾನು ಎಲ್ಲಿಗೂ ಹೊರಟಿರಲಿಲ್ಲ. ಅವರ ಹಣೆಯ ಬೆವರನ್ನು ನನ್ನ ಸೆರಗಿನಿಂದಲೇ ಒರೆಸಿದ್ದೆ.

ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಪೆನ್ನು ಕೆಳಗಿಟ್ಟಿದ್ದೇನೆ. ಇರಲಿ – ಬರೆಯುತ್ತೇನೆ.

ಗದಗ ಹೊಸದಾಗಿ ಜಿಲ್ಲೆಯಾಗಿದ್ದ ಕಾಲ. ಎಲ್ಲದಕ್ಕೂ ಧಾರವಾಡಕ್ಕೆ ಓಡುವುದು ತಪ್ಪಿ, ಒಂದೊಂದೇ ಕಚೇರಿ ಊರಿಗೆ ಬರುತ್ತಿತ್ತು. ಹತ್ತಿ ಮಿಲ್ಲು, ಎಣ್ಣೆ ಮಿಲ್ಲುಗಳಲ್ಲಿ ಯಾರದಾದರೂ ಕೈ ಹೋದರೆ, ಕಾಲು ಮುರಿದರೆ, ಪರಿಹಾರದ ಅರ್ಜಿ ಸಲ್ಲಿಕೆಯಾಗುತ್ತಿತ್ತು. ಆಸ್ಪತ್ರೆ, ವಕೀಲರು, ವಿಚಾರಣೆ ಎಂದು ಅಲೆಯುವುದು ಮಾಲೀಕರಿಗೆ ಬೇಸರ. ಆ ಕೆಲಸವನ್ನೆಲ್ಲ ಅವರು ಸ್ಟೇಷನ್ ರಸ್ತೆಯ ಒಂದು ಆಫೀಸಿಗೆ ಗುತ್ತಿಗೆ ಕೊಟ್ಟುಬಿಟ್ಟಿದ್ದರು. ಗಾಯಗೊಂಡವನ ಮನೆಗೆ ಹೋಗುವುದು, ಮಾತಾಡಿಸುವುದು, ಅರ್ಜಿಯನ್ನು ಹೇಗಾದರೂ ಸಣ್ಣದು ಮಾಡುವುದು – ಎಲ್ಲವೂ ನಮ್ಮ ಆಫೀಸಿನದೇ. ಮಾಲೀಕರು ಗಾಯಾಳುವಿನ ಮುಖ ನೋಡುವ ಪ್ರಸಂಗವೇ ಇರಲಿಲ್ಲ. ನಾನು ಅಲ್ಲಿ ಟೈಪಿಸ್ಟ್ ಆಗಿ ಸೇರಿದೆ. ಬೆಟಗೇರಿಯ ನೇಕಾರರ ಮನೆಯ ಹುಡುಗಿ. ಅಪ್ಪ ತೀರಿಹೋಗಿದ್ದ, ಅಣ್ಣ ಎಣ್ಣೆ ಮಿಲ್ಲಿನಲ್ಲಿ ದುಡಿಯುತ್ತಿದ್ದ – ಇದನ್ನು ನೆಪವೆಂದು ಹೇಳುತ್ತಿಲ್ಲ. ಮುಂದಿನ ಮಾತಿಗೆ ಬೇಕೆಂದು ಹೇಳಿದೆ.

ನಮ್ಮ ಸಾಹೇಬರು ಎಂದೂ ದನಿ ಎತ್ತಿದವರಲ್ಲ. ಅದಕ್ಕೇ ಅವರೆಂದರೆ ನನಗೆ ಭಯ. ಒಂದು ದಿನ ಕರೆದು ಹೇಳಿದರು, "ಲಕ್ಷ್ಮೇಶ್ವರದಾಗ ರಾಜೇಸಾಬ ಅಂತ ಒಬ್ಬಾವ ಅದಾನ. ಮಿಲ್ಲಿನ್ಯಾಗ ಬೆನ್ನ ಮ್ಯಾಲೆ ಹತ್ತಿ ತುಂಬಿದ ಅಂಡಿಗಿ ಬಿತ್ತು, ಇನ್ನ ಜೀವನದಾಗ ಭಾರ ಎತ್ತಾಕ ಬರೂದಿಲ್ಲ ಅಂತಾನ. ಅವನ ಹೇಣ್ತಿ ಜಂಪರ ಹೊಲೀತಾಳ. ಗಂಡಸರು ಹೋದ್ರ ಒಳಗ ಬಿಡೂದಿಲ್ಲ. ನೀ ಹೋಗಿ ಬಾ. ಏನಾರ ಎತ್ತತಾನೇನು ನೋಡು, ಸಾಕು."

ಜಂಪರಿಗೆಂದು ಒಂದು ರವಿಕೆ ಬಟ್ಟೆ ಹಿಡಿದುಕೊಂಡು ಹೋದೆ. ಹೆಸರು ಶೋಭಾ ಎಂದೆ. ಸುಳ್ಳು ಹೆಸರು ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ನನಗೇ ಅಂಜಿಕೆಯಾಯಿತು.

ಅವರ ಹೆಂಡತಿ ಹುಸೇನಬಿ ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳಿರಬೇಕು. ಅಳತೆ ತೆಗೆದುಕೊಳ್ಳುತ್ತ, "ಭಾಳ ಸೊರಗೀರಿ ತಂಗಿ, ಹೊಟ್ಟಿ ತುಂಬ ಉಣ್ರಿ" ಎಂದು ಬೈದಳು. ಹೊಲಿಗೆ ಮುಗಿಯಲಿಲ್ಲವೆಂದು ಒಮ್ಮೆ, ತೋಳು ಬಿಗಿಯಾಯಿತೆಂದು ಇನ್ನೊಮ್ಮೆ – ನೆಪ ಹುಡುಕಿ ಹೋಗುತ್ತಿದ್ದೆ. ರಾಜೇಸಾಬರು ಗೋಡೆಗೆ ಒರಗಿ, ದಿಂಬಿನ ಆಸರೆಯಲ್ಲಿ ಕುಳಿತಿರುತ್ತಿದ್ದರು. ಅಗಲವಾದ ಭುಜದ ಆಳು. ಹೊರಳಬೇಕಾದರೆ ಮೊದಲು ಉಸಿರು ಬಿಗಿಹಿಡಿಯುತ್ತಿದ್ದರು. ನಟನೆ ಅಲ್ಲವೆಂದು ನನಗೆ ಮೊದಲ ದಿನವೇ ಗೊತ್ತಾಯಿತು – ಇದನ್ನೂ ಇಲ್ಲಿ ಹೇಳಿಬಿಡಬೇಕು. ಆಫೀಸಿಗೆ ಬಂದು ಸಾಹೇಬರಿಗೂ ಹೇಳಿದೆ. "ಇನ್ನೊಮ್ಮೆ ಹೋಗು" ಎಂದರು. ಆಮೇಲೆ, ಏನೋ ನೆನಪಾದವರಂತೆ, "ನಿಮ್ಮಣ್ಣ ಇನ್ನೂ ಎಣ್ಣಿ ಮಿಲ್ಲಿನ್ಯಾಗ ಅದಾನಲ್ಲ?" ಎಂದು ಕೇಳಿದರು. ಆ ಮಿಲ್ಲಿನ ಅರ್ಜಿಗಳೂ ನಮ್ಮ ಆಫೀಸಿಗೇ ಬರುತ್ತಿದ್ದವು.

ಇನ್ನೊಮ್ಮೆ ಹೋದೆ.

ಆ ದಿನ ಹುಸೇನಬಿ ದಾರದುಂಡೆ ತರಲು ಪೇಟೆಗೆ ಹೋಗಿದ್ದಳು. ನಾನು ಹೊಸ್ತಿಲ ಬಳಿ ಕುಳಿತು ಕಾಯುತ್ತಿದ್ದೆ. ಒಮ್ಮೆಲೆ ಓಣಿಯಲ್ಲಿ ಗದ್ದಲವೆದ್ದಿತು – "ನೀರು ಬಂತು, ನೀರು ಬಂತು!" ಆ ಊರಿನಲ್ಲಿ ನಳಕ್ಕೆ ನೀರು ಬಂದರೆ ಬಂತು, ಇಲ್ಲವಾದರೆ ವಾರಗಟ್ಟಲೆ ಇಲ್ಲ. ಅಂಗಳದ ನಳದ ಕೆಳಗೆ ಇಟ್ಟಿದ್ದ ಕೊಡ ತುಂಬಿ, ನೀರು ಉಕ್ಕಿ ಹರಿಯತೊಡಗಿತು. ಪಕ್ಕದಲ್ಲಿ ಖಾಲಿ ಕೊಡಗಳು ಸಾಲಾಗಿದ್ದವು.

ನಾನು ಏಳಬಹುದಿತ್ತು. ಎದ್ದು ಆ ಕೊಡ ಸರಿಸಿ ಇನ್ನೊಂದು ಇಡಬಹುದಿತ್ತು. ಹುಟ್ಟಿದಾಗಿನಿಂದ ಮನೆಯಲ್ಲಿ ಮಾಡಿಕೊಂಡು ಬಂದ ಕೆಲಸ. ನಾನು ಏಳಲಿಲ್ಲ. ರಾಜೇಸಾಬರು ನೀರು ನೋಡಿದರು, ನನ್ನನ್ನು ನೋಡಿದರು. ಏಳುತ್ತೇನೇನೋ ಎಂದು ಒಂದು ಗಳಿಗೆ ಕಾದಂತಿತ್ತು. ನಾನು ಸೆರಗಿನ ಅಂಚು ನೋಡುತ್ತ ಕುಳಿತೆ. ಅವರೇ ಗೋಡೆ ಹಿಡಿದು ಎದ್ದರು. ಆಗ ನಾನು ಸುಮ್ಮನೆ ಅರ್ಧ ಎದ್ದಂತೆ ಮಾಡಿದೆ.

"ನೀವು ಕುಂಡ್ರಿ. ಮನಿಗೆ ಬಂದಾವ್ರು" ಎಂದರು.

ಅಂಗಳಕ್ಕೆ ಇಳಿದು ಎರಡೂ ಕೈಯಿಂದ ಕೊಡ ಎತ್ತಿದರು. ಎರಡು ಹೆಜ್ಜೆಯನ್ನೂ ಹಾಕಲಿಲ್ಲ. ಒಂದು ಸದ್ದು ಬಂತು – ಕೊಡದ್ದಲ್ಲ, ಅವರ ಗಂಟಲಿನದು. ಕೊಡ ಜಾರಿತು, ಅವರು ಅಂಗಳದ ಒದ್ದೆ ಕಲ್ಲಿನ ಮೇಲೆ ಕುಸಿದರು. "ಕಾಲು... ಕಾಲು ಎಲ್ಲೈತಿ" ಎಂದರು. ಕಾಲು ಅಲ್ಲೇ ಇತ್ತು. ಅವರಿಗೆ ಅದು ತಿಳಿಯುತ್ತಿರಲಿಲ್ಲ. ಓಡಿ ಹೋಗಿ ತಲೆ ಹಿಡಿದೆ, ಬೆವರು ಒರೆಸಿದೆ, ಏನೇನೋ ಹೇಳಿದೆ. ಅಷ್ಟರಲ್ಲಿ ಹುಸೇನಬಿ ಬಂದಳು. ಇಬ್ಬರೂ ಸೇರಿ ಅವರನ್ನು ಎಳೆದು, ಎತ್ತಿ, ಹಾಸಿಗೆಗೆ ಹಾಕಿದೆವು. ನಳದ ನೀರು ಹರಿದು ಓಣಿಗೆ ಹೋಗುತ್ತಲೇ ಇತ್ತು. ಹುಸೇನಬಿ ನನ್ನ ಕೈ ಹಿಡಿದು, "ನೀವಿದ್ರಿ, ಛಲೋ ಆತು ತಂಗಿ. ಒಬ್ಬರ ಇದ್ದಿದ್ರ ಏನು ಗತಿ" ಎಂದಳು.

ನಾನು ಇದ್ದುದರಿಂದಲೇ ಆಯಿತು ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಸಾಹೇಬರಿಗೆ ಎಲ್ಲವನ್ನೂ ಹೇಳಿದೆ – ಎತ್ತಿದ್ದು, ಬಿದ್ದದ್ದು. ಅವರು ಕೇಳಿಸಿಕೊಂಡದ್ದು ಎತ್ತಿದ್ದನ್ನು ಮಾತ್ರ. "ಸಾಕ್ಷಿ ಹೇಳೂವಾಗ ಕೇಳಿದಷ್ಟಕ್ಕ ಉತ್ತರ ಕೊಡು, ಗಿರಿಜಾ. ಹೆಚ್ಚಿಗಿ ಒಂದು ಮಾತು ಬ್ಯಾಡ." ವಿಚಾರಣೆಯ ದಿನ ಹುಸೇನಬಿಯ ಕಣ್ಣಿಗೆ ಬೀಳದಿದ್ದರೆ ಸಾಕು, ಬಿದ್ದರೂ ಗುರುತು ಹಿಡಿಯದಿದ್ದರೆ ಸಾಕು – ನನ್ನ ಪ್ರಾರ್ಥನೆಯೆಲ್ಲ ಅಷ್ಟೇ. ಅವಳ ಗಂಡನಿಗಾಗಿ ಒಂದು ದಿನವೂ ಬೇಡಿಕೊಳ್ಳಲಿಲ್ಲ.

ಕಚೇರಿಯ ಹೊರಗಿನ ಬೆಂಚಿನ ಮೇಲೆ ಅವಳು ಕುಳಿತಿದ್ದಳು. ರಾಜೇಸಾಬರನ್ನು ಇಬ್ಬರು ಹೊತ್ತು ತಂದಿದ್ದರು. ನನ್ನನ್ನು ನೋಡಿದ್ದೇ ತಡ, ಅವಳ ಮುಖ ಅರಳಿತು. ಎದ್ದು ಬಂದು ಎರಡೂ ಕೈ ಹಿಡಿದಳು.

"ಬಂದಿರೇನವಾ! ಯಾರು ಹೇಳಿದ್ರು ನಿಮಗ? ಹೇಣ್ತಿ ಮಾತು ಯಾರೂ ನಂಬೂದಿಲ್ಲ ಅಂತಾರ ನಮ್ಮ ವಕೀಲರು. ನೀವು ಕಣ್ಣಾರೆ ನೋಡೀರಿ – ನೀವು ಹೇಳ್ರಿ."

ನಾನು ಅವರಿಗಾಗಿ ಬಂದಿದ್ದೇನೆ ಎಂದುಕೊಂಡಿದ್ದಳು.

ಆಚೆ ಕಂಬದ ಬಳಿ ಸಾಹೇಬರು ನಿಂತು ನೋಡುತ್ತಿದ್ದರು. ಅವಳು ತನ್ನ ಪಕ್ಕದಲ್ಲಿ ನನ್ನನ್ನು ಕೂರಿಸಿಕೊಂಡು, ಕೈ ಬಿಡದೆ ಹಿಡಿದುಕೊಂಡಳು. ಒಳಗಿನಿಂದ ಸಿಪಾಯಿ ಕೂಗಿದ – ಮಿಲ್ಲಿನ ಕಡೆಯ ಸಾಕ್ಷಿ, ಗಿರಿಜಾ! ನಾನು ಎದ್ದೆ.

"ನಿಮ್ಮನ್ನಲ್ಲ ಕರದಿದ್ದು, ಶೋಭಾ" ಎಂದು ನನ್ನ ಕೈ ಜಗ್ಗಿದಳು. "ಕುಂಡ್ರಿ."

ಆ ಕೈಯನ್ನು ಬಿಡಿಸಿಕೊಂಡು ಒಳಗೆ ಹೋದೆ. ಒಳಗೆ ನಾನು ಏನು ಹೇಳಿದೆ ಎಂಬುದನ್ನು ಮೊದಲೇ ಬರೆದಿದ್ದೇನೆ. ಅವರ ವಕೀಲರು ಮತ್ತೆ ಕೇಳಿದರು – "ಬಿದ್ದಾಗ ನೀವು ಅಲ್ಲೇ ಇದ್ರಿ, ಹೌದಲ್ಲ?" ಬಾಗಿಲಲ್ಲಿ ಹುಸೇನಬಿ ನಿಂತಿದ್ದಳು. ಅವಳತ್ತ ತಿರುಗದೆ, "ಇಲ್ರಿ" ಎಂದೆ.

ಅವಳು ಕಿರುಚುತ್ತಾಳೆ, ನನ್ನ ಜಡೆಗೆ ಕೈ ಹಾಕುತ್ತಾಳೆ ಎಂದುಕೊಂಡಿದ್ದೆ. ಏನೂ ಮಾಡಲಿಲ್ಲ. ನಾನು ಹೊರಬಂದಾಗ ಗೋಡೆಯ ಕಡೆ ಸರಿದು ದಾರಿ ಬಿಟ್ಟಳು – ಮೈಗೆ ಮೈ ತಾಗಬಾರದೆನ್ನುವಂತೆ.

ಹೊತ್ತು ತಂದದ್ದು ನಾಟಕ, ಬೆನ್ನು ವಾಸಿಯಾಗಿದೆ, ಭಾರ ಎತ್ತಬಲ್ಲ ಎಂದು ತೀರ್ಮಾನವಾಯಿತು. ಅರ್ಜಿ ಬಿದ್ದುಹೋಯಿತು. ಸಾಹೇಬರು ಎಲ್ಲರಿಗೂ ಚಹಾ ತರಿಸಿದರು. ನಾನೂ ಕುಡಿದೆ.

ಅಂದಿನಿಂದ ಹಿಡಿದ ಅಂಜಿಕೆ ಬಿಡಲಿಲ್ಲ. ಆಫೀಸು ಬಿಟ್ಟೆ, ಮದುವೆಯಾಗಿ ಮುಂಡರಗಿಗೆ ಬಂದೆ, ಮಕ್ಕಳಾದರು. ಆದರೂ ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ಲಕ್ಷ್ಮೇಶ್ವರದ ಬಸ್ಸು ನಿಲ್ಲುವ ಕಡೆ ಸುಳಿಯುತ್ತಿರಲಿಲ್ಲ. ಸಂತೆಯಲ್ಲಿ ಯಾರಾದರೂ ಯಾರನ್ನೋ 'ಶೋಭಾ' ಎಂದು ಕೂಗಿದರೆ ಕೈಯ ಚೀಲ ಬೀಳುತ್ತಿತ್ತು. ನಳಕ್ಕೆ ನೀರು ಬಂದರೆ ಮಕ್ಕಳನ್ನು ಹತ್ತಿರ ಬಿಡದೆ, ನಾನೇ ಓಡುತ್ತಿದ್ದೆ, ಮನೆಯವರು ನಗುತ್ತಿದ್ದರು. ಒಳಗಿನ ಮಾತು ಒಬ್ಬರಿಗೂ ಹೇಳಲಿಲ್ಲ.

ಹೋದ ತಿಂಗಳು, ಧೈರ್ಯ ಬಂತೆಂದಲ್ಲ – ತಡೆಯಲಾಗದೆ – ಲಕ್ಷ್ಮೇಶ್ವರಕ್ಕೆ ಹೋದೆ. ಆ ಮನೆಯಲ್ಲಿ ಬೇರೆಯವರಿದ್ದರು. ಶಿರಹಟ್ಟಿಯಲ್ಲಿ ಅವಳ ತವರಿದೆ, ಅಲ್ಲಿದ್ದಾಳೆ ಎಂದರು. ಅಲ್ಲಿಗೂ ಹೋದೆ. ಹುಸೇನಬಿ ಬಾಗಿಲಲ್ಲೇ ಕುಳಿತು ಶಾಲೆ ಹುಡುಗರ ಅಂಗಿ ಹೊಲಿಯುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನ ಗುರುತು ಹಿಡಿಯಲು ಅವಳಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ.

ರಾಜೇಸಾಬರು ತೀರಿಹೋಗಿದ್ದರು. ಕೊಡ ಎತ್ತಿದ ದಿನದ ನಂತರ ಅವರು ಆಸರೆಯಿಲ್ಲದೆ ನಡೆದದ್ದೇ ಇಲ್ಲವಂತೆ.

ನಿಂತುಕೊಂಡೇ ಎಲ್ಲ ಹೇಳಿದೆ – ಯಾರು ಕಳಿಸಿದರು, ಯಾಕೆ ಬಂದೆ, ಕೊಡ ತುಂಬುವಾಗ ಯಾಕೆ ಏಳಲಿಲ್ಲ... ಅವಳು ಯಂತ್ರ ನಿಲ್ಲಿಸಿ ಪೂರ್ತಿ ಕೇಳಿದಳು. ಅಳಲಿಲ್ಲ, ಬೈಯಲಿಲ್ಲ, ಕುಳಿತುಕೋ ಎನ್ನಲೂ ಇಲ್ಲ.

"ನೀ ಕುಂತ ನೋಡಿದ್ದು ಅವ್ರು ನಂಗೆ ಎಂದೂ ಹೇಳಲಿಲ್ಲ" ಎಂದಳು. "ಮನಿಗೆ ಬಂದಾಕೀ ಹೆಸರು ಯಾಕ ಕೆಡಿಸೂದಂತ ಇರಬೇಕು." ದಾರ ಕತ್ತರಿಸಿ, "ಅವ್ರು ಬಿದ್ದದ್ದು ನಂಗೇನು ಹೇಳ್ತಿ? ನೆಲದ ಮ್ಯಾಲಿಂದ ಎತ್ತಿದಾಕಿ ನಾನೂ. ಗೊತ್ತಿಲ್ಲದಾವ್ರಿಗೆ ಹೋಗಿ ಹೇಳು" ಎಂದಳು. ಮತ್ತೆ ಯಂತ್ರ ತುಳಿಯತೊಡಗಿದಳು.

ಮನೆಗೆ ಬಂದು ಗಂಡನಿಗೆ ಹೇಳಿದೆ. "ಹಳೇದು ಕೆದರಬ್ಯಾಡ, ಸುಮ್ನಿರು" ಎಂದರು. ಪರಿಚಯದ ವಕೀಲರೊಬ್ಬರನ್ನು ಕೇಳಿದೆ. ಮುಗಿದುಹೋದ ಪ್ರಕರಣ ತೆರೆಯುವುದು ಕಷ್ಟ, ಸುಳ್ಳು ಸಾಕ್ಷಿ ಹೇಳಿದೆ ಎಂದು ನಾನೇ ಒಪ್ಪಿಕೊಂಡರೆ ನನ್ನ ಮೇಲೆಯೇ ಕೇಸು ಬರಬಹುದು ಎಂದರು. ಸತ್ತವರಿಗೆ ಇದರಿಂದ ಬರುವುದೇನೂ ಇಲ್ಲ. ಹುಸೇನಬಿಗೂ ಏನಾದರೂ ಸಿಗುತ್ತದೆಂಬ ಭರವಸೆಯಿಲ್ಲ.

ಆದರೂ ಸೋಮವಾರ ಗದಗಿಗೆ ಹೋಗುತ್ತೇನೆ. ಈಗ ಆ ಅಧಿಕಾರಿಯ ಕುರ್ಚಿಯಲ್ಲಿ ಯಾರಿದ್ದಾರೋ ಗೊತ್ತಿಲ್ಲ. ಯಾರಿದ್ದರೂ ಅವರ ಮುಂದೆ ಹೇಳುತ್ತೇನೆ. ಅಂಜಿಕೆ ಹೋದ ಮೇಲೆ ಹೇಳೋಣ ಎಂದು ಇಷ್ಟು ವರ್ಷ ಕಾದೆ. ಅದು ಹೋಗುವಂಥದ್ದಲ್ಲ.

ಅಂಜಿಕೊಂಡೇ ಹೋಗುತ್ತೇನೆ.