ಓದದೆ ಬರೆದ ಮುನ್ನುಡಿ

ಭಾನುವಾರ ಬೆಳಿಗ್ಗೆ ಏಳಕ್ಕೆ ಮೆಜೆಸ್ಟಿಕ್‌ನಿಂದ ಮಧುಗಿರಿ ಬಸ್ಸು ಹತ್ತಿದೆ. ಟಿಕೆಟ್ಟು ನೂರ ನಲವತ್ತು ಚಿಲ್ಲರೆ. ದಾರಿ ನೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಹನ್ನೊಂದು ಗಂಟೆಗೆ ಅಲ್ಲಿ ಒಂದು ಕವನ ಸಂಕಲನದ ಬಿಡುಗಡೆ. ಮುಖ್ಯ ಅತಿಥಿ ನಾನು, ಮುನ್ನುಡಿ ಬರೆದವನೂ ನಾನೇ. ಕವಿತೆಗಳನ್ನು ಬರೆದಾಕೆ ಓಬಳಮ್ಮ, ದೊಡ್ಡೇರಿ ಹತ್ತಿರದ ಹಳ್ಳಿಯವರು, ಮನೆಯಲ್ಲಿ ರವಿಕೆ ಹೊಲಿಯುತ್ತಾರೆ. ಅವರ ಬಗ್ಗೆ ನನಗೆ ಗೊತ್ತಿದ್ದುದು ಇಷ್ಟೇ.

ಬೆಂಗಳೂರಿನಲ್ಲಿ ಇಪ್ಪತ್ತು ವರ್ಷದಿಂದ ತಿಂಗಳಿಗೊಂದು ಕವಿಗೋಷ್ಠಿ ನಡೆಸಿಕೊಂಡು ಬಂದವನು ನಾನು. ಹಾಗಾಗಿ ಮುನ್ನುಡಿ ಕೇಳುವವರು ಬಹಳ. ಓಬಳಮ್ಮನ ಹಸ್ತಪ್ರತಿ ಬಂದಾಗ ಪುಸ್ತಕದ ಹೆಸರು, ಅವರ ಊರು ಎರಡನ್ನೂ ನೋಡಿ, ಒಂದೇ ಸಂಜೆಯಲ್ಲಿ ನಾಲ್ಕು ಪುಟ ಬರೆದು ಕಳಿಸಿದ್ದೆ. ಒಳಗಿನ ಕವಿತೆಗಳನ್ನು ತೆರೆದೂ ನೋಡಿರಲಿಲ್ಲ.

ದಾಬಸ್‌ಪೇಟೆ ದಾಟಿದ ಮೇಲೆ, ಭಾಷಣಕ್ಕೆ ಏನಾದರೂ ಬೇಕಲ್ಲ ಎಂದು ಪುಸ್ತಕ ಹೊರತೆಗೆದೆ. ಹೆಸರು 'ಹನ್ನೊಂದನೇ ಸಾಲು'. ಮುನ್ನುಡಿಯಲ್ಲಿ ನಾನು ಬರೆದಿದ್ದೆ: 'ನೇಗಿಲ ಸಾಲುಗಳೇ ಇಲ್ಲಿ ಕವಿತೆಯ ಸಾಲುಗಳಾಗಿವೆ. ಇದು ನಗರದ ಸೋಂಕಿಲ್ಲದ ಮಣ್ಣಿನ ಮಗಳ ಹಾಡು.' ಪುಟ ತಿರುಗಿಸಿದೆ. ಹನ್ನೊಂದನೇ ಸಾಲು ಎಂದರೆ ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರಗಳ ಹನ್ನೊಂದನೇ ಸಾಲು. ಅಲ್ಲಿ ಕೂತ ಹೆಂಗಸರು ದಿನವಿಡೀ ಅಂಗಿಗಳಿಗೆ ಕಾಲರ್ ಮಾತ್ರ ಹೊಲಿಯುತ್ತಾರೆ. ಇಡೀ ಪುಸ್ತಕವೇ ಬೆಂಗಳೂರಿನದು: ಲಗ್ಗೆರೆಯ ಬಾಡಿಗೆ ಕೋಣೆ, ನೀರಿನ ಟ್ಯಾಂಕರು, ಶೌಚಕ್ಕೆ ಹೋಗಲು ಸೂಪರ್‌ವೈಸರ್ ಕೊಡುವ ಟೋಕನ್. ನೇಗಿಲು ಎಲ್ಲೂ ಇರಲಿಲ್ಲ. ಕವಿತೆಗಳು ಒಳ್ಳೆಯವು, ನಮ್ಮ ಬಳಗದ ಬಹಳ ಮಂದಿ ಬರೆಯುವುದಕ್ಕಿಂತ ಒಳ್ಳೆಯವು. ಅದು ತಿಳಿದಾಗ ಕಿವಿ ಬಿಸಿಯಾಯಿತು.

ಕೊರಟಗೆರೆಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ತಟ್ಟೆ ಇಡ್ಲಿ ತೆಗೆದುಕೊಂಡೆ, ಅರ್ಧವೂ ಇಳಿಯಲಿಲ್ಲ.

"ಯಾಕ್ ಸಾ, ಇಡ್ಲಿ ಗಟ್ಟಿ ಐತಾ?" ಎಂದ ಹೋಟೆಲಿನವನು.

"ಇಡ್ಲಿ ಚೆನ್ನಾಗಿದೆ," ಎಂದು ಎದ್ದೆ.

ಎದುರಿಗೇ ಬೆಂಗಳೂರಿನ ಬಸ್ಸು ನಿಂತಿತ್ತು. ಜ್ವರ ಎಂದು ಹೇಳಿ ಹಿಂದಿರುಗಬಹುದಿತ್ತು. ಓಬಳಮ್ಮನಿಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವರು, "ಸಾರ್, ಎಲ್ಲಿದ್ದೀರಾ? ನಮ್ಮ ಲೈನಿನೋರೆಲ್ಲ ಆಗ್ಲೇ ಬಂದ್ಬುಟ್ಟವ್ರೆ," ಎಂದರು. ಕೊರಟಗೆರೆಯಲ್ಲಿದ್ದೇನೆ, ಬರುತ್ತಿದ್ದೇನೆ ಎಂದೆ.

ಉಳಿದ ದಾರಿಯಲ್ಲಿ ಕೊನೆಯ ಕವಿತೆ ಓದಿದೆ. ರಜೆಯ ದಿನ ಒಬ್ಬ ಹೆಂಗಸು ನಗರದ ಕವಿಗೋಷ್ಠಿಗೆ ಹೋಗಿ ಬಾಗಿಲ ಬಳಿ ನಿಂತಿರುತ್ತಾಳೆ. ಕವಿಯೊಬ್ಬ ಮಾತು ನಿಲ್ಲಿಸದೆ, ಅವಳ ಮುಖ ನೋಡದೆ, ಕಾಫಿ ಕುಡಿದ ಖಾಲಿ ಲೋಟವನ್ನು ಅವಳ ಕೈಗೆ ಕೊಡುತ್ತಾನೆ. ನಮ್ಮ ಗೋಷ್ಠಿಯ ಮಹಡಿ ಮೆಟ್ಟಿಲು, ಹಸಿರು ಬಾಗಿಲು ಎಲ್ಲವೂ ಅದರಲ್ಲಿದ್ದವು. ಮಧುಗಿರಿಯ ಬೆಟ್ಟ ಕಿಟಕಿಯ ತುಂಬ ಕಾಣಿಸಿದರೂ ಅತ್ತ ನೋಡುವ ಮನಸ್ಸಾಗಲಿಲ್ಲ.

ಬಸ್ ನಿಲ್ದಾಣದ ಹತ್ತಿರದ ಸಣ್ಣ ಸಭಾಂಗಣ. ಐವತ್ತು ಜನರಿದ್ದರು. ಮುಂದಿನ ಸಾಲುಗಳಲ್ಲಿ ಹಿಂದೆ ಪೀಣ್ಯದಲ್ಲಿ ಓಬಳಮ್ಮನ ಜೊತೆ ದುಡಿದಿದ್ದ ಹೆಂಗಸರು, ಶಿರಾದಿಂದ, ಪಾವಗಡದಿಂದ ಬಂದವರು. ಓಬಳಮ್ಮನಿಗೆ ನಲವತ್ತೈದು ಇರಬಹುದು. ದಪ್ಪ ಕನ್ನಡಕ, ಇಸ್ತ್ರಿ ಮಾಡಿದ ಕಾಟನ್ ಸೀರೆ. ನನ್ನ ಸರದಿ ಬಂದಾಗ ಎದ್ದು ನಿಂತು, "ನಾನು ಈ ಪುಸ್ತಕ ಓದದೆ ಮುನ್ನುಡಿ ಬರೆದೆ. ಇವತ್ತು ಬಸ್ಸಿನಲ್ಲಿ ಮೊದಲ ಸಲ ಓದಿದೆ. ನನ್ನಿಂದ ತಪ್ಪಾಗಿದೆ," ಎಂದೆ.

ಪಾವಗಡದ ಹೆಂಗಸೊಬ್ಬಳು ಕೂತಲ್ಲಿಂದಲೇ ಹೇಳಿದಳು: "ನಮಗೆ ಗೊತ್ತಿತ್ತು ಬುಡಿ ಸಾರ್. ಓದ್ಕಂಡು ನಕ್ಕಿದ್ವಿ."

ಊಟಕ್ಕೆ ಚಿತ್ರಾನ್ನ, ಮೊಸರನ್ನ ಇತ್ತು. ಜಗಲಿಯಲ್ಲಿ ಎಲೆ ಹಿಡಿದು ಕೂತಾಗ ಓಬಳಮ್ಮನನ್ನು ಕೇಳಿದೆ, "ಆ ಲೋಟ ಕೊಟ್ಟವನು ನಾನೇನಮ್ಮಾ?"

"ನೀವೂ ಕೊಟ್ರಿ ಸಾರ್, ಇನ್ನಿಬ್ರೂ ಕೊಟ್ರು. ತೊಳ್ದು ಇಟ್ಬುಟ್ಟು ಬಂದೆ."

"ಹಾಗಿದ್ದೂ ನನ್ನ ಕೈಲೇ ಯಾಕೆ ಬರೆಸಿದಿರಿ?"

"ನಿಮ್ಮ ಹೆಸ್ರಿದ್ರೆ ಅಚ್ಚು ಹಾಕ್ತೀನಿ ಅಂದ್ರು ಪ್ರಕಾಶಕ್ರು. ಇನ್ನೇನ್ ಮಾಡ್ಲಿ?"

ಮುಂದಿನ ಮುದ್ರಣದಲ್ಲಿ ಆ ನಾಲ್ಕು ಪುಟ ತೆಗೆಸಿಬಿಡೋಣ, ಸರಿಯಾಗಿ ಓದಿ ಹೊಸದು ಬರೆದುಕೊಡುತ್ತೇನೆ ಎಂದೆ.

"ಬ್ಯಾಡ ಸಾರ್, ಅದು ಅಂಗೇ ಇರ್ಲಿ. ನಮ್ಮನ್ನ ನೀವು ಹೆಂಗೆ ನೋಡ್ತೀರಾ ಅಂತ ಓದೋರ್ಗೂ ತಿಳೀಲಿ. ಆಮ್ಯಾಲೆ ನನ್ನ ಕವಿತೆ ಓದ್ಲಿ."

ಕೋಪವಿಲ್ಲದೆ, ಹೊಲಿಗೆಯ ಅಳತೆ ಹೇಳುವಂತೆ ಹೇಳಿದರು.

ಮೂರೂವರೆಯ ಬಸ್ಸಿಗೆ ಅವರೇ ಬಂದು ಹತ್ತಿಸಿದರು. ಬಿಸಿಲಿಗೆ ಸೀಟು ಕಾದಿತ್ತು. ಬಸ್ಸು ತಿರುಗಿದಾಗ ಕಿಟಕಿಯಿಂದ ನೋಡಿದೆ. ಓಬಳಮ್ಮ ಆಗಲೇ ಗೆಳತಿಯರನ್ನು ಸೇರಿಕೊಂಡು, ಏನೋ ಮಾತಾಡುತ್ತ, ಪಾವಗಡದ ಬಸ್ಸು ನಿಲ್ಲುವ ಕಡೆಗೆ ನಡೆಯುತ್ತಿದ್ದರು.